ಯಾರಾದರೂ ಬೇಡ ಅನ್ನಲಿ

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ದೊಡ್ಡ ಖರ್ಚಿನ ಮಾತು ಏನಿದ್ದರೂ ಎಲ್ಲರೂ ಊಟಕ್ಕೆ ಕೂತಾಗ ಎತ್ತಬೇಕು. ಚಿಕ್ಕವರಿಂದ ಶುರು ಮಾಡಿ ಒಬ್ಬೊಬ್ಬರನ್ನೇ ಕೇಳುತ್ತಾ ಬರಬೇಕು. ಒಬ್ಬರು ಬೇಡ ಅಂದರೂ ಆ ಕೆಲಸ ಅಲ್ಲಿಗೇ ನಿಂತಿತು. ಬೇಡ ಅಂದವರನ್ನು ಯಾಕೆ ಎಂದು ಕೇಳುವ ಹಾಗಿಲ್ಲ, ಆಮೇಲೆ ಹಂಗಿಸುವ ಹಾಗೂ ಇಲ್ಲ. ತೀರಿಹೋದ ನಮ್ಮ ಮಾವ ಮಾಡಿಟ್ಟು ಹೋದದ್ದು. ಅವರ ಅಣ್ಣತಮ್ಮಂದಿರು ಯಾಕೆ, ಯಾಕೆ ಎಂದು ಕಿತ್ತಾಡಿಯೇ ಮನೆ ಪಾಲಾಗಿತ್ತಂತೆ.

ಕೇಳಲು ಚೆನ್ನಾಗಿದೆ. ನಡೆದುಕೊಂಡು ಬಂದದ್ದು ಬೇರೆ ಥರ. ಸರದಿ ಕೊನೆಗೆ ಮುಟ್ಟುವುದು ನಮ್ಮತ್ತೆಗೆ, ಅತ್ತೆಗೆ ಎಲ್ಲವೂ ಬೇಡ. ಮೇಲೊಂದು ರೂಮು ಏರಿಸೋಣವೆಂದರೆ ಬೇಡ. ಸೋಫಾ ಬೇಡ. ಮೊಮ್ಮಗಳ ಕಾಲೇಜಿನ ಪ್ರವಾಸ ಬೇಡ. ಹೀಗಾಗಿ ಉಳಿದ ಮೂವರಿಗೆ ಬೇಡ ಅನ್ನುವ ಅಭ್ಯಾಸವೇ ತಪ್ಪಿಹೋಯಿತು. ಮನಸ್ಸಿಲ್ಲದ ಮಾತಿಗೂ ಹೂಂ ಅಂದು ಒಳ್ಳೆಯವರಾಗಿಬಿಡುತ್ತಿದ್ದೆವು. ಕೆಟ್ಟವರಾಗುವುದಕ್ಕೆ ಅತ್ತೆ ಇದ್ದರಲ್ಲ. ಮಗಳು ಅವರಿಗೆ 'ಬೇಡಜ್ಜಿ' ಎಂದು ಹೆಸರಿಟ್ಟಿದ್ದಳು. ಬೆನ್ನ ಹಿಂದೆ ಕರೆಯುತ್ತಿದ್ದೇವೆ ಅಂದುಕೊಂಡಿದ್ದೆವು. ಅತ್ತೆಯ ಕಿವಿ ನಾವು ತಿಳಿದಷ್ಟು ಮಂದವಾಗಿರಲಿಲ್ಲ.

ಈ ಸಲ ಮಾತು ಬಂದದ್ದು ವ್ಯಾನಿನಿಂದ. ನಮ್ಮ ಯಜಮಾನರು ಶಾಲೆ ಮಕ್ಕಳ ವ್ಯಾನು ಓಡಿಸುತ್ತಾರೆ. ಸ್ವಂತದ್ದು, ಮುದಿಯಾದದ್ದು. ಅದರ ಪಕ್ಕದ ಬಾಗಿಲನ್ನು ಹೊರಗಿನಿಂದ ಎಳೆಯುವಾಗ ಒಳಗಿನಿಂದ ಯಾವುದಾದರೂ ಮಗು ಒದೆಯಬೇಕು, ಆಗಲೇ ತೆರೆಯುತ್ತದೆ. ಶಾಲೆಯವರು ಖಡಾಖಂಡಿತ ಹೇಳಿಬಿಟ್ಟರು: ಬರುವ ರಜೆ ಮುಗಿದು ತರಗತಿ ಶುರುವಾಗುವಷ್ಟರಲ್ಲಿ ಹೊಸ ಗಾಡಿ ತಂದರೆ ಸರಿ, ಇಲ್ಲವಾದರೆ ಮಕ್ಕಳನ್ನು ಬೇರೆಯವರಿಗೆ ಒಪ್ಪಿಸುತ್ತೇವೆ. ಗಾಡಿ ಹೋದರೆ ಮನೆಯ ಅರ್ಧ ಅನ್ನ ಹೋಯಿತು. ಉಳಿದರ್ಧ ನನ್ನ ನರ್ಸಿನ ಕೆಲಸದ್ದು ಮತ್ತು ಮಗಳದು. ಅವಳು ಬಣ್ಣ ಮಾರುವ ಅಂಗಡಿಯೊಂದರಲ್ಲಿ ಲೆಕ್ಕ ನೋಡುತ್ತಾಳೆ.

ಹೊಸ ವ್ಯಾನಿಗೆಂದು ಬ್ಯಾಂಕಿನಲ್ಲಿ ಕೂಡಿಟ್ಟದ್ದು ಅದರ ಬೆಲೆಯ ಅರ್ಧದಷ್ಟಿತ್ತು. ಉಳಿದರ್ಧಕ್ಕೆ ಸಾಲ, ಐದು ವರ್ಷದ ಕಂತು. ಸಾಲದ ಮಾತು ಬಂದಾಗಲೆಲ್ಲ ಇವರು ಅನ್ನ ಕಲಸುತ್ತಲೇ ಇರುತ್ತಿದ್ದರು, ಬಾಯಿಗೆ ಇಡುತ್ತಿರಲಿಲ್ಲ.

ಅಂಥ ಒಂದು ಭಾನುವಾರ ನನ್ನ ತಮ್ಮ ಬಂದ. ಮೊಬೈಲ್ ರಿಪೇರಿ ಅಂಗಡಿ ಅವನದು. ಚಪ್ಪಲಿ ಬಿಡುವುದಕ್ಕೂ ಮೊದಲು ಫೋನು ಚಾಚಿದ.

"ಭಾವ, ಇಲ್ನೋಡಿ. ನಾನು ಹಾಕಿದ್ದು ಮೂರು ಪಟ್ಟಾಗಿದೆ. ಮೊನ್ನೆ ಮೊನ್ನೆ ಹಾಕಿದ್ದು!"

"ಏನು ಕಂಪನಿನಪ್ಪ ಅದು?"

"ಕರೆಂಟ್ ಗಾಡಿಗೆ ಬ್ಯಾಟರಿ ಮಾಡ್ತಾರೆ. ಚಿಕ್ಕ ಕಂಪನಿ. ಚಿಕ್ಕದಾಗಿರೋವಾಗ್ಲೇ ಷೇರು ಹಿಡೀಬೇಕು ಭಾವ, ದೊಡ್ಡದಾದ್ಮೇಲೆ ನಮ್ಮಂಥೋರ ಕೈಗೆ ಎಲ್ಲಿ ಸಿಗುತ್ತೆ?"

"ನಿಂಗ್ಯಾರು ಹೇಳಿದ್ದು?" ಅಂದೆ.

"ಯಾರು ಹೇಳ್ಲಿಲ್ಲ ಕೇಳಕ್ಕ! ಒಡೆದ ಫೋನ್ ತರ್ತಾರೆ, ಸ್ಕ್ರೀನ್ ಹಾಕಿ ಕೊಟ್ಟ ತಕ್ಷಣ ಮೊದ್ಲು ನೋಡೋದೇ ಈ ಷೇರಿನ ರೇಟು."

ಅತ್ತೆ ಮೂಲೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. "ಎಲ್ರೂ ಕೊಳ್ಳೋರೇ ಆದ್ರೆ ಮಾರೋರು ಯಾರಪ್ಪಾ?"

"ಅದೇ ಮಜಾ ದೊಡ್ಡಮ್ಮ. ಮಾರೋರೇ ಇಲ್ಲ. ಅದಕ್ಕೇ ಏರ್ತಿರೋದು."

"ಹೂಂ," ಎಂದು ಅತ್ತೆ ಒಂದು ಹಳದಿ ಎಲೆ ಕಿತ್ತು ಬಿಸಾಡಿದರು.

ಆ ವಾರವೆಲ್ಲ ಅದೇ ಮಾತು. ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುವಾಗ ಅದು, ಬಟ್ಟೆ ಒಣಗಿಸುವಾಗ ಅದು. ಇವರಿಗೆ ಆಸೆ ಹತ್ತಿದ್ದು ತಮ್ಮನ ಮಾತಿನಿಂದಲ್ಲ, ತಮ್ಮ ಸ್ವಂತ ಬುದ್ಧಿಯಿಂದ. ರಸ್ತೆಯಲ್ಲಿ ದಿನಾ ಇರುವವರು ಅವರು. "ಕರೆಂಟ್ ಗಾಡಿ ದಿನಾ ಜಾಸ್ತಿ ಆಗ್ತಿದೆ ಕಣೆ. ಸಿಗ್ನಲ್‌ನಲ್ಲಿ ನಿಂತ್ರೆ ನಂದೊಂದೇ ಕೆಮ್ಮೋದು, ಪಕ್ಕದವೆಲ್ಲ ಸದ್ದೇ ಇಲ್ಲ. ಅವಕ್ಕೆಲ್ಲ ಬ್ಯಾಟರಿ ಬೇಡ್ವಾ?"

ಮಗಳು ಮಾತ್ರ ಎರಡೂ ಕಡೆಯದನ್ನು ಹೇಳುತ್ತಿದ್ದಳು. ಹಾಕೋಣ ಅಂದವಳೂ ಅವಳೇ, ಹೆದರಿಸಿದವಳೂ ಅವಳೇ.

"ಬ್ಯಾಟರಿ ಬೇಕು ಅಪ್ಪ, ಸರಿ. ಆದ್ರೆ ಇವರದೇ ಬ್ಯಾಟರಿ ಬೇಕು ಅಂತ ಏನಿದೆ? ಇವರು ಗಳಿಸೋದು ಚೂರು, ಷೇರಿನ ಬೆಲೆ ಆಕಾಶದಲ್ಲಿ. ಮುಂದೆ ಗಳಿಸ್ತಾರೆ ಅನ್ನೋ ನಂಬಿಕೆಗೇ ಅಷ್ಟೂ ದುಡ್ಡು ಕೊಡ್ತಿದ್ದಾರೆ ಜನ."

"ನಂಬಿಕೆ ಇಲ್ದೆ ಯಾವುದು ನಡೆಯುತ್ತೆ?"

"ಇನ್ನೊಂದಿದೆ ಕೇಳಿ. ಇಂಥ ಚಿಕ್ಕ ಷೇರು ದಿನಕ್ಕೆ ಇಷ್ಟೇ ಏರ್ಬೇಕು, ಇಷ್ಟೇ ಇಳೀಬೇಕು ಅಂತ ಮಿತಿ ಇರುತ್ತೆ. ಇಳಿಯಕ್ಕೆ ಶುರುವಾದ್ರೆ ಎಲ್ರೂ ಮಾರಕ್ಕೇ ನಿಂತಿರ್ತಾರೆ, ಕೊಳ್ಳೋನು ಒಬ್ನೂ ಇರಲ್ಲ. ಬಾಗಿಲು ಕಾಣ್ತಿರುತ್ತೆ, ಹೊರಗೆ ಹೋಗಕ್ಕಾಗಲ್ಲ."

"ನಮ್ಮ ವ್ಯಾನಿನ ಥರ ಅನ್ನು," ಎಂದು ಇವರು ನಕ್ಕರು. "ಒಳಗಿಂದ ಒದೆಯೋಕೆ ಒಂದು ಮಗು ಇಟ್ಕೊಂಡ್ರಾಯ್ತು."

ಆ ಶುಕ್ರವಾರ ಊಟಕ್ಕೆ ಕೂತಾಗ ಇವರು ಗಂಟಲು ಸರಿಮಾಡಿಕೊಂಡರು. ಕೂಡಿಟ್ಟದ್ದರಲ್ಲಿ ಅರ್ಧ ಆ ಷೇರಿಗೆ. ಅದು ಮೂರು ಪಟ್ಟಾದರೆ ಸಾಲದ ಹಂಗೇ ಇಲ್ಲದೆ ವ್ಯಾನು ಮನೆ ಮುಂದೆ. ಮುಳುಗಿದರೆ ಸಾಲ ದೊಡ್ಡದಾಗುತ್ತದೆ, ಬ್ಯಾಂಕು ಅಷ್ಟು ಕೊಡುವುದೂ ಅನುಮಾನ. ಕೊಡದಿದ್ದರೆ ಗಾಡಿಯೇ ಇಲ್ಲ.

"ಹಾಕೋಣ," ಅಂದಳು ಮಗಳು, ಮೊಟ್ಟೆಯ ಸಿಪ್ಪೆ ಬಿಡಿಸುತ್ತಾ.

ನನ್ನ ಮನಸ್ಸಿನಲ್ಲಿ ಬೇಡ ಅಂತಿತ್ತು. "ನಿಮ್ಮಿಷ್ಟ. ನಂದೇನಿಲ್ಲ," ಅಂದೆ. ಅಂದು ಅತ್ತೆಯ ಕಡೆ ನೋಡಿದೆ. ಇವರೂ "ನಂದೂ ಆಗ್ಲಿ" ಅಂದು ಅತ್ತ ನೋಡಿದರು. ಮಗಳೂ ನೋಡಿದಳು.

ಅತ್ತೆ ನಿಧಾನವಾಗಿ ತುತ್ತು ನುಂಗಿ ನೀರು ಕುಡಿದರು. "ಆಗ್ಲಿ. ಹಾಕಿ."

ಇವರು, "ಅಮ್ಮ, ಸರಿಯಾಗಿ ಕೇಳಿಸ್ತಾ?" ಅಂದರು.

"ಕೇಳಿಸ್ತು ಕಣೋ. ಹಾಕಿ ಅಂದೆ. ಪಲ್ಯ ಬಡಿಸೇ."

ಆಮೇಲೆ ಪಾತ್ರೆ ತೊಳೆಯುವಾಗ ನಾನು ಮೆಲ್ಲಗೆ ಕೇಳಿದೆ, "ಅತ್ತೆ, ನೀವು ಹೂಂ ಅಂದ್ರಲ್ಲ..."

"ಯಾಕೆ ಅಂತ ಕೇಳೋ ಹಾಗಿಲ್ಲ."

"ಅದು ಬೇಡ ಅಂದ್ರೆ. ಹೂಂ ಅಂದ್ರೆ ಕೇಳ್ಬಹುದು."

ಅತ್ತೆ ಲೋಟವನ್ನು ಬೋರಲು ಹಾಕಿದರು. "ನೀವು ಮೂರೂ ಜನ ತುತ್ತು ಬಾಯಲ್ಲಿಟ್ಕೊಂಡು ನನ್ನ ಮುಖ ನೋಡ್ತಿದ್ರಿ. ಬೇಡ ಅನ್ನಲಿ ಅಂತ. ಅಂದ್ರೆ ನಾಳೆ ಬೇಡಜ್ಜಿ, ಬೇಡಜ್ಜಿ ಅಂತ ಕಿಸಿಯೋಕೆ. ಇನ್ನು ನಾನು ಒಲ್ಲೆ. ನಿಮಗೆ ಬೇಡವಾದ್ದನ್ನ ನೀವೇ ಅನ್ನಿ."

ನನ್ನ ಕೈಯಿಂದ ಸೋಪು ಜಾರಿ ತೊಟ್ಟಿಗೆ ಬಿತ್ತು.

ಸೋಮವಾರ ಮಗಳು ತನ್ನ ಹೆಸರಿನಲ್ಲಿ ಕೊಂಡಳು. ಮನೆಗೆ ಒಂದು ಹೊಸ ಜೀವಿ ಬಂದ ಹಾಗಾಯಿತು. ಹಸುಗೂಸಿನ ಹಾಗೆ ಎಲ್ಲರೂ ಗಳಿಗೆಗೊಮ್ಮೆ ಬಗ್ಗಿ ನೋಡುವುದು. ಏರಿತು. ಮರುದಿನವೂ ಏರಿತು. ಇವರು ಶಾಲೆಯ ಗೇಟಿನ ಮುಂದೆ ಮಕ್ಕಳಿಗೆ ಕಾಯುವಾಗ ಮಗಳಿಗೆ ಫೋನು ಮಾಡುತ್ತಿದ್ದರು. ಅಂಗಡಿಯ ಯಜಮಾನ ಒಂದು ದಿನ ಮಗಳನ್ನು ಕೇಳಿದನಂತೆ, "ಏನಮ್ಮ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ? ಗಂಟೆಗೊಂದು ಫೋನು?"

ನಾನೂ ಕಡಿಮೆಯೇನಿರಲಿಲ್ಲ. ವಾರ್ಡಿನಲ್ಲಿ ರೋಗಿಯ ನಾಡಿ ಹಿಡಿದು ನಿಂತಾಗಲೂ ತಲೆಯಲ್ಲಿ ಷೇರಿನ ಬೆಲೆ ಓಡುತ್ತಿತ್ತು. ಎಣಿಕೆ ತಪ್ಪಿ ಮತ್ತೆ ಮೊದಲಿಂದ ಎಣಿಸುತ್ತಿದ್ದೆ. "ಏನ್ ಸಿಸ್ಟರ್, ಎರಡೆರಡು ಸಲ ಎಣಿಸ್ತೀರಿ, ನಾನು ಉಳೀತೀನಾ?" ಎಂದು ಒಬ್ಬ ಮುದುಕ ಹೆದರಿ ಕೇಳಿದ.

ಎಲ್ಲರಿಗಿಂತ ಹೆಚ್ಚು ಹುಚ್ಚು ಹತ್ತಿದ್ದು ಅತ್ತೆಗೆ. "ಇವತ್ತೆಷ್ಟಾಯ್ತೇ?" ಎಂದು ಮೊಮ್ಮಗಳು ಬಾಗಿಲು ದಾಟುವ ಮೊದಲೇ ಕೇಳುತ್ತಿದ್ದರು. ಅವರು ಹೂಂ ಅಂದ ಮೊದಲ ಕೆಲಸ ಕೈಗೂಡುತ್ತಿತ್ತು. ಪಕ್ಕದ ಮನೆಯಾಕೆಗೆ, "ನಾನೇ ಹಾಕ್ಸಿದ್ದು," ಅಂದದ್ದು ನನ್ನ ಕಿವಿಗೂ ಬಿತ್ತು.

ಕೆಲವು ವಾರಕ್ಕೆ ಹಾಕಿದ್ದು ಎರಡು ಪಟ್ಟಾಯಿತು. ಆ ದಿನ ಮಗಳು ಅಂಗಡಿಯಿಂದ ಬಂದವಳು ಕೈಕಾಲು ತೊಳೆಯದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ಈ ಕಂಪನಿ ಮೊದ್ಲು ಏನು ಮಾಡ್ತಿತ್ತು ಗೊತ್ತಾ? ಪ್ಲಾಸ್ಟಿಕ್ ಬಕೆಟ್. ಬಕೆಟ್ಟು, ಮಗ್ಗು. ಹೆಸರು ಬದ್ಲಾಯ್ಸಿ ಬ್ಯಾಟರಿ ಅಂತ ಸೇರಿಸ್ಕೊಂಡಿದ್ದಾರೆ."

"ಬ್ಯಾಟರಿ ಮಾಡ್ತಿಲ್ವಾ ಹಾಗಾದ್ರೆ?"

"ಮಾಡ್ತೀವಿ ಅಂತಾರೆ. ಜಾಗ ನೋಡಿದ್ದಾರಂತೆ. ಇವತ್ತಿಗೂ ಬರೋ ಆದಾಯ ಎಲ್ಲ ಬಕೆಟ್ಟಿಂದೇ."

ಅತ್ತೆ ಒಳಗಿನಿಂದ, "ಬಕೆಟ್ಟಿಗೇನಾಗಿದೆ? ಬ್ಯಾಟರಿ ಇಲ್ದೆ ಬದುಕ್ಬಹುದು, ಬಕೆಟ್ ಇಲ್ದೆ ಸ್ನಾನ ಮಾಡಿ ತೋರ್ಸು ನೋಡೋಣ," ಅಂದರು.

"ಅಜ್ಜಿ, ಅದಲ್ಲ ಕಥೆ. ಕಂಪನಿ ಮಾಲೀಕರೇ ತಮ್ಮ ಪಾಲಿನ ಷೇರು ಮಾರ್ತಾ ಬಂದಿದ್ದಾರೆ. ಜನ ಕೊಳ್ತಿರೋದು ಅವರ ಕೈಯಿಂದಾನೇ. ಮನೆ ಕಟ್ಟಿದವನೇ ರಾತ್ರೋರಾತ್ರಿ ಸಾಮಾನು ಸಾಗಿಸ್ತಿದ್ರೆ ನಾವು ಬಾಡಿಗೆಗೆ ಹೋಗ್ತೀವಾ? ಮಾರಿಬಿಡೋಣ."

ಕೊಳ್ಳುವುದಕ್ಕೆ ಕೇಳಿದ ಮೇಲೆ ಮಾರುವುದಕ್ಕೂ ಕೇಳಬೇಕಲ್ಲ. ಊಟಕ್ಕೆ ಕೂತೆವು. ಮಗಳು ತಾನು ಓದಿದ್ದನ್ನೆಲ್ಲ ಅಪ್ಪನಿಗೆ ಹೇಳಿದಳು. ಈಗ ಮಾರಿದರೆ ಸಾಲ ವ್ಯಾನಿನ ಬೆಲೆಯ ಕಾಲು ಭಾಗಕ್ಕೆ ಇಳಿಯುತ್ತದೆ, ಮೂರು ವರ್ಷದಲ್ಲಿ ತೀರುತ್ತದೆ. "ನಾನಂತೂ ಮಾರೋಣ ಅಂತೀನಿ."

"ಮಾರೋಣ," ಅಂದೆ ನಾನು. ಈ ಸಲ ಯಾರ ಮುಖವನ್ನೂ ನೋಡಲಿಲ್ಲ.

ಇವರು ತಟ್ಟೆ ನೋಡುತ್ತಾ ಕೂತರು. ಬೆರಳಿನಿಂದ ಅನ್ನವನ್ನು ಒಂದು ಕಡೆ ಸರಿಸಿದರು, ಮತ್ತೆ ಇನ್ನೊಂದು ಕಡೆ ಸರಿಸಿದರು.

"ಬೇಡ."

ನಾನು ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಮಗಳು ಬಾಯಿ ತೆರೆದಳು. "ಅಪ್ಪ, ಯಾ..."

"ಹಾಗಿಲ್ಲ," ಅಂದರು ಇವರು.

"ಅಲ್ಲ ಕಣೋ, ನನ್ನ ಸರದಿನೇ ಬರಲಿಲ್ಲ!" ಎಂದು ಅತ್ತೆಗೆ ಸಿಟ್ಟು ಬಂತು. "ಇಷ್ಟು ವರ್ಷ ಕೊನೇಲಿ ಕೂತು ಕಾದಿದ್ದೀನಿ, ಇವತ್ತು ನೀನು ನಡುದಾರೀಲೇ ಬೇಲಿ ಹಾಕ್ತೀಯ?"

ಇವರು ಎದ್ದು ಕೈ ತೊಳೆಯಲು ಹೋದರು. ಮಾತು ಮುಗಿಯಿತು. ಆಸೆ ಹೆಚ್ಚಾಯಿತು ಅಂದುಕೊಂಡೆ ನಾನು. ಮಗಳೂ ಹಾಗೆಯೇ ಅಂದುಕೊಂಡಿದ್ದಳು ಎಂದು ಆಮೇಲೆ ಗೊತ್ತಾಯಿತು.

ಅದಾದ ಮೇಲೆ ಷೇರು ಇನ್ನೂ ಜೋರಾಗಿ ಏರಿತು. ಇವರಲ್ಲಿ ಎಂಥ ಗೆಲುವು! ಗಾಡಿ ಮಾರುವ ಅಂಗಡಿಗೆ ಹೋಗಿ ಒಂದು ವ್ಯಾನಿನ ಸೀಟುಗಳ ಮೇಲೆಲ್ಲ ಕೂತು ಎದ್ದು ಬಂದರು. ಹಿಂದಿನ ಸೀಟಿನ ಬೆಲ್ಟು ಚಿಕ್ಕ ಮಕ್ಕಳಿಗೆ ಕುತ್ತಿಗೆ ಕುಯ್ಯುತ್ತದೆ, ಬದಲಿಸಿ ಕೊಡುತ್ತೀರಾ ಎಂದು ಕೇಳಿದರಂತೆ. ಮಕ್ಕಳಿಗೂ ಹೇಳಿಯಾಗಿತ್ತು. ಕಿಟಕಿ ಪಕ್ಕದ ಜಾಗಕ್ಕೆ ಆಗಲೇ ಎರಡು ಹೊಡೆದಾಟ ಆಗಿದ್ದವು.

ಮಗಳು ಮಾತ್ರ ಊಟ ಬಿಟ್ಟಳು. ಸ್ವಲ್ಪ ಕಲಸುತ್ತಾಳೆ, ಹಸಿವಿಲ್ಲ ಎನ್ನುತ್ತಾಳೆ. ಬೆಲೆ ಕೇಳಿದರೆ ಒಂದು ಸಂಖ್ಯೆ ಒದರಿ ಒಳಗೆ ಹೋಗುತ್ತಾಳೆ. ರಕ್ತ ಪರೀಕ್ಷೆ ಮಾಡಿಸೋಣವೆಂದೆ, ಬೇಡವೆಂದಳು. ಬಟ್ಟೆ ಮಡಚುತ್ತಿದ್ದಾಗ ಪಕ್ಕಕ್ಕೆ ಕರೆದೆ.

"ಯಾರಾದ್ರೂ ಇದ್ದಾರೇನೇ? ಇದ್ರೆ ಹೇಳು, ನಾನೇನು ಬಯ್ಯಲ್ಲ."

"ಅಯ್ಯೋ ಅಮ್ಮ, ಹಾಗಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು," ಅಂದಳು.

ಕೊನೆಗೊಂದು ಸಂಜೆ ಇವರು ವ್ಯಾನು ನಿಲ್ಲಿಸಿ ಒಳಗೆ ಬಂದರು. ಮುಖ ತೊಳೆದು ಬಂದವರ ಹಾಗೆ ಹೊಳೆಯುತ್ತಿತ್ತು. ನಿಂತುಕೊಂಡೇ ಹೇಳಿದರು:

"ಸಾಕು. ನಾವು ಹಾಕಿದ್ದು ಮೂರು ಪಟ್ಟಾಯ್ತಂತೆ, ನಿಮ್ಮ ಮಾಮ ಈಗಷ್ಟೇ ಫೋನ್ ಮಾಡಿದ್ದ. ಅವನು ಇನ್ನೂ ಕಾಯ್ತಾನಂತೆ, ಕಾಯ್ಲಿ. ನಮಗೆ ಬೇಕಿದ್ದಷ್ಟು ಆಯ್ತು. ನಾಳೆ ಬೆಳಿಗ್ಗೆ ಮಾರಿಬಿಡಮ್ಮ. ಸಾಲ ಗೀಲ ಏನೂ ಬೇಡ, ಪೂರ್ತಿ ಕೊಟ್ಟೇ ತರೋಣ."

ಮಗಳು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

"ಮಾರಿ ಆಗಿದೆ ಅಪ್ಪ."

"ಇವತ್ತೇ ಮಾರಿದ್ಯಾ? ಒಳ್ಳೇದಾಯ್ತು ಬಿಡು!"

"ಇವತ್ತಲ್ಲ. ನೀವು ಬೇಡ ಅಂದ್ರಲ್ಲ, ಅದರ ಮಾರನೇ ದಿನ."

ಒಲೆಯ ಮೇಲೆ ಹಾಲಿತ್ತು. ಉಕ್ಕಿ ಹೋಯಿತು. ಯಾರೂ ಅತ್ತ ಹೋಗಲಿಲ್ಲ.

"ಮತ್ತೆ ದಿನಾ ರೇಟು ಹೇಳ್ತಿದ್ದೆ?"

"ಕೇಳ್ತಿದ್ರಲ್ಲ. ಅದೇ ರೇಟೇ. ನಮ್ಮ ಹತ್ರ ಇರಲಿಲ್ಲ ಅಷ್ಟೆ."

ಇವರು ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. "ಇಷ್ಟು ವರ್ಷದಲ್ಲಿ ನಾನು ಈ ಮನೇಲಿ ಒಂದೇ ಒಂದು ಸಲ ಬೇಡ ಅಂದೆ," ಅಂದರು. "ಒಂದೇ ಸಲ." ಅಷ್ಟು ಹೇಳಿ ಹೊರಗೆ ಹೋಗಿ ವ್ಯಾನಿನಲ್ಲಿ ಕೂತರು.

ಅತ್ತೆ ಮೊಮ್ಮಗಳ ಮೇಲೆ ತಿರುಗಿಬಿದ್ದರು. "ನಾನು ಬೇಡ ಅಂದಾಗೆಲ್ಲ ಕೇಳ್ಕೊಂಡು ಕೂತ್ಕೊಂಡ್ಯಲ್ಲೇ! ನಿಮ್ಮಪ್ಪ ಅಂದ್ರೆ ಅಷ್ಟು ಸದರನಾ?"

"ನೀನು ಅವತ್ತು ಬೇಡ ಅಂದಿದ್ರೆ ಇದೆಲ್ಲ ಶುರುವೇ ಆಗ್ತಿರ್ಲಿಲ್ಲ ಅಜ್ಜಿ. ನೀನು ಅಂತೀಯ ಅಂತ್ಲೇ ನಾನು ಧೈರ್ಯವಾಗಿ ಹಾಕೋಣ ಅಂದಿದ್ದು."

"ಓಹೋ. ಧೈರ್ಯ ನಿಂದು, ಬೇಡ ನಂದಾ? ಚೆನ್ನಾಗಿದೆ ಕಣೇ ಸಂಸಾರ."

ಅಂದಿನಿಂದ ಇವರು ಮಗಳ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟರು. ಮಾತೆಲ್ಲ ಅತ್ತೆಯ ಮೂಲಕ. "ಅಮ್ಮ, ಟೀ ಆರ್ತಿದೆ ಅಂತ ಹೇಳು ಅವಳಿಗೆ." ಅವಳು ಅಲ್ಲೇ ಒಂದು ಮಾರು ದೂರದಲ್ಲಿ ಕೂತಿರುತ್ತಿದ್ದಳು. "ಕೇಳಿಸ್ತು ಅಂತ ಹೇಳಜ್ಜಿ." "ನಾನೇನು ನಿಮ್ಮಿಬ್ಬರ ಪೋಸ್ಟಾಫೀಸಾ?" ಎಂದು ಅತ್ತೆ ಟೀಯನ್ನು ತಾವೇ ಕುಡಿದುಬಿಟ್ಟರು.

ರಜೆ ಶುರುವಾಯಿತು. ದಿನಗಳು ಸರಿಯುತ್ತಿದ್ದವು, ಗಾಡಿಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಕಾಲು ಭಾಗದ ಸಾಲ ಮಾಡಿ ತರೋಣವೆಂದು ನಾನು ಒಮ್ಮೆ ಅಂದೆ. ಇವರು ಕೇಳಿಸಿಕೊಳ್ಳದವರ ಹಾಗೆ ಸ್ಪ್ಯಾನರು ಹುಡುಕುತ್ತಾ ಹೋದರು. ಓಡದ ವ್ಯಾನನ್ನು ದಿನಾ ಒರೆಸುತ್ತಿದ್ದರು.

ಆಗ ಷೇರು ಬಿದ್ದಿತು. ಒಂದು ಬೆಳಿಗ್ಗೆ ಮಿತಿಯ ತಳ ಮುಟ್ಟಿ ನಿಂತಿತು, ಮರುದಿನವೂ, ಅದರ ಮರುದಿನವೂ. ತಮ್ಮ ಬಂದಾಗ ನಾವು ಊಟಕ್ಕೆ ಕೂತಿದ್ದೆವು. ಗಡ್ಡ ಬೆಳೆದಿತ್ತು. ಫೋನನ್ನು ಮಾತ್ರ ಇನ್ನೂ ಕೈಯಲ್ಲೇ ಹಿಡಿದಿದ್ದ.

"ದಿನಾ ಬೆಳಿಗ್ಗೆ ಮಾರಕ್ಕೆ ಹಾಕ್ತೀನಿ ಅಕ್ಕ. ಸಾಲಿನಲ್ಲಿ ಎಲ್ಲೋ ಹಿಂದೆ ನಿಂತಿರ್ತೀನಿ. ಸಂಜೆಗೆ ವಾಪಸ್ ಬರುತ್ತೆ. ಒಬ್ಬನಾದ್ರೂ ಕೊಳ್ಳೋನು ಬೇಡ್ವಾ? ಅಂಗಡಿಗೆ ಬರೋರು ಈಗ ಸ್ಕ್ರೀನ್ ಒಡೆದ್ರೂ ಹಾಗೇ ಬಿಟ್ಟಿದ್ದಾರೆ, ನೋಡೋಕೆ ಏನಿದೆ ಅಂತ."

"ಕೂತ್ಕೋ, ತಿನ್ನು," ಎಂದು ತಟ್ಟೆ ಇಟ್ಟೆ.

"ಬರುತ್ತೆ ಅಕ್ಕ, ಮತ್ತೆ ಮೇಲೆ ಬಂದೇ ಬರುತ್ತೆ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾ ತಿಂದ. ತಿಂದು, ಇನ್ನೊಮ್ಮೆ ಫೋನು ನೋಡಿ ಹೋದ.

ಅವನು ಹೋದ ಮೇಲೆ ಅತ್ತೆ ಮಗನ ಕಡೆ ತಿರುಗಿದರು. "ನೋಡ್ದೇನೋ? ಮಗು ಉಳಿಸ್ತು. ಇನ್ನಾದ್ರೂ ಮುಖದ ಗಂಟು ಬಿಚ್ಚು."

ಉತ್ತರ ಕೊಟ್ಟವಳು ಮಗಳು.

"ಇಲ್ಲ ಅಜ್ಜಿ. ನಾನು ಉಳಿಸ್ಲಿಲ್ಲ. ಅಪ್ಪ ಮಾರು ಅಂದ್ರಲ್ಲ, ಅವತ್ತು ಇನ್ನೂ ಕೊಳ್ಳೋರು ಇದ್ರು. ಮಾರನೇ ದಿನ ಬೆಳಿಗ್ಗೆ ಮಾರಿದ್ರೆ ಮೂರು ಪಟ್ಟು ಬಂದೇ ಬರ್ತಿತ್ತು. ಸಾಲ ಇಲ್ದೆ ಗಾಡಿ ಬರ್ತಿತ್ತು." ಅವಳು ತಟ್ಟೆಯನ್ನು ಮುಂದಕ್ಕೆ ತಳ್ಳಿದಳು. "ಅದನ್ನ ಕಳೆದದ್ದು ನಾನೇ."

ಇವರು ಮೊದಲ ಬಾರಿ ತಲೆಯೆತ್ತಿ ಅವಳನ್ನು ನೋಡಿದರು.

"ನಾನೂ ಅವತ್ತು ಮಾರ್ತಿದ್ನೋ ಇಲ್ವೋ ಯಾರಿಗೆ ಗೊತ್ತು," ಅಂದರು. "ನಿನ್ನ ಮಾಮನೂ ನಾಳೆ ನಾಳೆ ಅಂತಿದ್ದ. ಅದಲ್ಲಮ್ಮ ನನ್ನ ಕೋಪ. ಬೇಡ ಅಂದ್ಮೇಲೂ ಮಾಡಿದ್ಯಲ್ಲ."

"ನೀವು ಯಾಕೆ ಅಂತ ಹೇಳ್ಲಿಲ್ಲ."

"ಕೇಳೋ ಹಾಗಿಲ್ಲ ಈ ಮನೇಲಿ."

"ಈಗ ಕೇಳ್ತಿದ್ದೀನಿ. ಯಾಕೆ ಬೇಡ ಅಂದ್ರಿ?"

ಮಾವ ಹೋದ ಮೇಲೆ ಆ ಪ್ರಶ್ನೆ ಆ ಕೋಣೆಯಲ್ಲಿ ಯಾರ ಬಾಯಿಂದಲೂ ಪೂರ್ತಿ ಬಂದಿರಲಿಲ್ಲ. ಅತ್ತೆ ತಡೆಯುತ್ತಾರೆ ಅಂದುಕೊಂಡೆ. ಅವರು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಮಗನನ್ನೇ ನೋಡುತ್ತಾ ಕೂತರು.

ಇವರು ಎಡಗಾಲನ್ನು ಮೇಜಿನ ಕೆಳಗಿಂದ ಪಕ್ಕಕ್ಕೆ ಚಾಚಿದರು. ಚಾಚುವಾಗ ಎರಡೂ ಕೈಯಿಂದ ಹಿಡಿದುಕೊಂಡು ಚಾಚಿದರು.

"ಮಂಡಿ ಸವೆದಿದೆಯಂತೆ. ಕ್ಲಚ್ ಒತ್ತೀ ಒತ್ತೀ. ಡಾಕ್ಟ್ರು ಹೇಳಿದ್ರು, ಹೆಚ್ಚಂದ್ರೆ ಇನ್ನೊಂದು ವರ್ಷ ಹೀಗೆ ಇಡೀ ದಿನ ಓಡಿಸ್ಬಹುದು ಅಂತ. ಸಾಲ ಮೂರು ವರ್ಷ ಅಂದೆ ನೀನು. ಕಾಲು ಒಂದು ವರ್ಷ ಅಂತು. ಉಳಿದ ಕಂತು ಯಾರು ಕಟ್ತಾರೆ? ಸಾಲ ಇಲ್ದಿದ್ರೆ, ಕಾಲು ಹೋದ ದಿನ ಬೇರೆ ಡ್ರೈವರ್ ಇಟ್ಟಾದ್ರೂ ಗಾಡಿ ಉಳಿಸ್ಕೋಬಹುದು. ಅದಕ್ಕೇ ಬೇಡ ಅಂದೆ."

"ಯಾವ ಡಾಕ್ಟ್ರು?" ಎಂದು ನಾನು ಎದ್ದೇಬಿಟ್ಟೆ.

"ಆ ರೈಲ್ವೆ ಗೇಟಿನ ಹತ್ರ ಇದ್ದಾರಲ್ಲ..."

"ರೀ, ನಾನು ಇಷ್ಟು ವರ್ಷದಿಂದ ಆಸ್ಪತ್ರೇಲಿ ಸಾಯ್ತಿದ್ದೀನಿ, ನೀವು ಇನ್ನೊಂದು ಆಸ್ಪತ್ರೆಗೆ ದುಡ್ಡು ಕೊಟ್ಟು ತೋರಿಸ್ಕೊಂಡು ಬಂದ್ರಾ? ಊರ ಮಂಡಿಗೆಲ್ಲ ಬ್ಯಾಂಡೇಜು ಸುತ್ತೋಳು ನಾನು!"

"ನೀನು ನೋಡಿದ್ರೆ ಗಾಡಿ ಮುಟ್ಟಬೇಡಿ ಅಂತಿದ್ದೆ."

"ಅಂತಿದ್ದೆ! ಈಗ್ಲೂ ಅಂತೀನಿ!"

"ನೋಡಿದ್ಯಾ?" ಎಂದು ಇವರು ತಾಯಿಯ ಕಡೆ ತಿರುಗಿದರು, ಚಿಕ್ಕ ಹುಡುಗನ ಹಾಗೆ.

"ಅವಳು ಅನ್ನೋದು ಸರಿ ಕಣೋ. ಗಾಡಿನೇ ಬೇಡ," ಅಂದರು ಅತ್ತೆ. "ಬೇರೆ ಏನಾದ್ರೂ ಮಾಡು."

"ಬೇರೆ ಏನು ಬರುತ್ತೆ ನಂಗೆ?"

"ಬೇರೆ ಡ್ರೈವರ್‌ಗೆ ಸಂಬಳ ಕೊಟ್ಟು ಕಂತೂ ಕಟ್ಟಕ್ಕಾಗಲ್ಲ," ಎಂದು ಇವರು, "ಕಂತು ನನ್ನ ಸಂಬಳದಲ್ಲಿ ಸ್ವಲ್ಪ..." ಎಂದು ನಾನು, "ಮೊದ್ಲು ಆ ಮಂಡಿಗೆ ಏನು ಚಿಕಿತ್ಸೆ..." ಎಂದು ಅತ್ತೆ, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದೆವು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಇಣುಕಿ ಹೋದಳು. ಸರದಿಯೂ ಇಲ್ಲ, ಹಿರಿಯರು ಕಿರಿಯರೆಂಬುದೂ ಇಲ್ಲ. ಯಾರು ಯಾವುದಕ್ಕೆ ಬೇಡ ಅಂದರು, ಯಾಕೆ ಅಂದರು, ಎಲ್ಲವೂ ಅನ್ನದ ತಟ್ಟೆಗಳ ಮೇಲೆ ಹಾರಾಡಿತು. ಊಟ ಆರಿ ಗಟ್ಟಿಯಾಯಿತು.

ಆ ಗದ್ದಲದ ನಡುವೆ ಮಗಳು ದನಿ ಏರಿಸಿ ಹೇಳಿದಳು: "ಬೆಳಗಿನ ಟ್ರಿಪ್ ನಾನು ಓಡಿಸ್ತೀನಿ. ಅಂಗಡಿ ತೆಗೆಯೋದು ಮಕ್ಕಳನ್ನ ಬಿಟ್ಟಾದ್ಮೇಲೇ ತಾನೆ? ಮಧ್ಯಾಹ್ನದ್ದು ಮಾತ್ರ ನೀವು. ಆಗ ಕಾಲು ಹೆಚ್ಚು ದಿನ ಬರುತ್ತೆ. ಬರದಿದ್ರೆ ಆಮೇಲೆ ನೋಡೋಣ."

"ನೀನಾ?" ಇವರು ನಕ್ಕೇಬಿಟ್ಟರು. "ಸೈಕಲ್ಲಿಗೇ ಚರಂಡಿ ತೋರಿಸಿದವಳು."

"ಯಾಕೆ, ಬೇಡ್ವಾ?"

ಇವರ ನಗು ನಿಂತಿತು. "ಬೇಡ ಅಂತಿಲ್ಲ. ಹೆದರಿಕೆ ಅಂತಿದ್ದೀನಿ. ಬೇರೆಯವರ ಮಕ್ಕಳು. ಮೊದ್ಲು ಗಾಡಿ ನಿನ್ನ ಮಾತು ಕೇಳ್ಲಿ, ಲೈಸೆನ್ಸ್ ಕೈಗೆ ಬರ್ಲಿ, ನಾನು ಪಕ್ಕದಲ್ಲಿ ಕೂತು ಒಪ್ಪಬೇಕು. ಅಲ್ಲಿವರೆಗೆ ಒಂದು ಮಗುನೂ ಹತ್ತಿಸಲ್ಲ. ಗಾಡಿ ಅಂಗಡಿಯವನಿಗೆ ಮುಂಗಡನೂ ಕೊಡಲ್ಲ."

ಭಾನುವಾರ ಬೆಳಿಗ್ಗೆ ಶಾಲೆಯ ಮೈದಾನ ಖಾಲಿ ಇತ್ತು. ಹಳೆಯ ವ್ಯಾನಿನ ಸ್ಟೀರಿಂಗ್ ಹಿಡಿದು ಮಗಳು, ಪಕ್ಕದಲ್ಲಿ ಇವರು. ಹಿಂದಿನ ಪುಟ್ಟ ಸೀಟುಗಳಲ್ಲಿ ಮಂಡಿ ಗಲ್ಲಕ್ಕೆ ತಗಲಿಸಿಕೊಂಡು ನಾನು ಮತ್ತು ಅತ್ತೆ. ಮನೆಯಲ್ಲೇ ಇರಿ ಅಂದರೆ ಅತ್ತೆ ಕೇಳಲಿಲ್ಲ.

ವ್ಯಾನು ಎಗರಿ ನಿಂತಿತು. ಮತ್ತೆ ಎಗರಿ ನಿಂತಿತು. ಅತ್ತೆಯ ತಲೆ ಮುಂದಿನ ಸೀಟಿಗೆ ತಗಲಿತು.

"ಕಾಲು ಒಂದೇ ಸಲ ಬಿಡಬೇಡ ಅಂದ್ನಲ್ಲ!"

"ಒಂದೇ ಸಲ ಬಿಡ್ಲಿಲ್ಲ!"

"ಬಿಟ್ಟೆ! ಗಾಡಿ ಹೇಳ್ತಿದೆ, ಬಿಟ್ಟೆ ಅಂತ!"

"ನೀವು ಕೂಗಿದ್ರೆ ನಾನು ಹೇಗೆ ಓಡಿಸ್ಲಿ?"

"ಮಕ್ಕಳು ಕೂಗಲ್ವಾ? ನನಗಿಂತ ಜೋರಾಗಿ ಕೂಗ್ತವೆ. ಹೂಂ, ಮತ್ತೆ."

ಅವಳು ಉಸಿರು ಎಳೆದುಕೊಂಡು ಕ್ಲಚ್ ಒತ್ತಿದಳು. ನಾನು ಇವರನ್ನೇ ನೋಡುತ್ತಿದ್ದೆ. ಅವಳು ಒತ್ತಿದ ಹಾಗೇ ಇವರ ಎಡಗಾಲೂ ಬರಿಯ ನೆಲವನ್ನು ಒತ್ತಿತು. ನೋವಿಗೆ ತುಟಿ ಕಚ್ಚಿಕೊಂಡರು, ಕಾಲು ಮಾತ್ರ ತೆಗೆಯಲಿಲ್ಲ. "ನಿಧಾನ... ನಿಧಾನ..." ಎನ್ನುತ್ತಾ ಅವಳ ಪಾದದ ಜೊತೆಜೊತೆಗೆ ತಮ್ಮದನ್ನೂ ಕೂದಲೆಳೆಯಷ್ಟು ಕೂದಲೆಳೆಯಷ್ಟು ಮೇಲೆತ್ತಿದರು.

ವ್ಯಾನು ಒಮ್ಮೆ ನಡುಗಿತು, ಮುಂದಕ್ಕೆ ಉರುಳಿತು.